ಚದರಡಿಯ ದರ, ಕೆಲಸದ ಮೌಲ್ಯ
ದೊಡ್ಡ ಅಳತೆಯ ಇಂಕ್‌ಜೆಟ್ ಮುದ್ರಣ: ಸಣ್ಣ ಊರಿನ ಮುದ್ರಕರು ಯಂತ್ರ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಮಾನ್ವಿ ಪಟ್ಟಣಕ್ಕೆ ಸಮೀಪದ ನೀರಮಾನ್ವಿಯಲ್ಲಿ ಯಲ್ಲಮ್ಮ ದೇವಿಯ ಜಾತ್ರೆಯೆಂದರೆ ಸುತ್ತಲಿನ ವ್ಯಾಪಾರಕ್ಕೆ ಅದೊಂದು ಹಂಗಾಮು. ಬಳೆ, ಬೆಂಡು-ಬತ್ತಾಸು, ಪಾತ್ರೆ, ಬಟ್ಟೆಯ ಅಂಗಡಿಗಳೊಡನೆ ಇತ್ತೀಚಿನ ಎರಡು ದಶಕಗಳಲ್ಲಿ ಮತ್ತೊಂದು ಕಸುಬೂ ಈ ಹಂಗಾಮಿಗೆ ಜೋಡಣೆಯಾಗಿದೆ. ಅದುವೇ ಫ್ಲೆಕ್ಸ್ ಮುದ್ರಣ. ಭಕ್ತರಿಗೆ ಸ್ವಾಗತ ಕೋರುವ ಫಲಕ, ಮುಖಂಡರ ಹುಟ್ಟುಹಬ್ಬದ ಶುಭಾಶಯ, ಮದುವೆಯ ಮಂಟಪದ ಹೆಸರು, ಅಗಲಿದವರಿಗೆ ಶ್ರದ್ಧಾಂಜಲಿ ಎಲ್ಲವೂ ಇಂದು ಹತ್ತಡಿ ಅಗಲದ ಯಂತ್ರದಿಂದಲೇ ಹೊರಬರುತ್ತವೆ. ಹಿಂದೆ ಇದೇ ಕೆಲಸವನ್ನು ಗೋಡೆಯ ಮೇಲೆ, ಬಟ್ಟೆಯ ಮೇಲೆ ಕುಂಚ ಹಿಡಿದ ಪೇಂಟರ್‌ಗಳು ಮಾಡುತ್ತಿದ್ದರು. ಅವರಲ್ಲಿ ಕೆಲವರು ಕಂಪ್ಯೂಟರ್ ಕಲಿತು ವಿನ್ಯಾಸಕಾರರಾದರು, ಹಲವರು ಕಸುಬನ್ನೇ ತೊರೆದರು.

ಪೇಂಟರ್‌ಗಳಿಗೆ ಒದಗಿದ ಸ್ಥಿತಿ ಈಗ ಫ್ಲೆಕ್ಸ್ ಅಂಗಡಿಯ ಬಾಗಿಲಿಗೂ ಬಂದಿದೆಯೇ ಎಂಬ ಪ್ರಶ್ನೆ ಎದುರಾಗಿದೆ. ಒಂದೇ ಬೀದಿಯಲ್ಲಿ ಎರಡು ಮೂರು ಯಂತ್ರಗಳು, ದಿನೇ ದಿನೇ ಇಳಿಯುವ ಚದರಡಿಯ ದರ, ಉದ್ದರಿ ಕೊಟ್ಟು ವಸೂಲಾಗದ ಬಾಕಿ, ಮೇಲಾಗಿ ಫ್ಲೆಕ್ಸ್ ಎಂಬ ವಸ್ತುವಿನ ಮೇಲೆಯೇ ಬಿದ್ದಿರುವ ಕಾನೂನಿನ ನಿರ್ಬಂಧ. ಹೀಗಿದ್ದರೂ ಒಡವೆ ಅಡವಿಟ್ಟು, ಬ್ಯಾಂಕಿನ ಸಾಲ ಪಡೆದು ಹೊಸ ಯಂತ್ರ ತರುವ ಯುವಕರ ಸಂಖ್ಯೆ ಕಡಿಮೆಯಾಗಿಲ್ಲ. ಯಂತ್ರದ ಗುಣಾವಗುಣಗಳನ್ನು ಮಾರಾಟಗಾರರು ವಿವರಿಸುತ್ತಾರೆ. ಅದರ ಹಿಂದಿನ ಲೆಕ್ಕವನ್ನು ಕೊಳ್ಳುವವನೇ ಹಾಕಿಕೊಳ್ಳಬೇಕಾಗುತ್ತದೆ.

ಯಂತ್ರದ ಬಗೆಗಳು

ಸಣ್ಣ ರಂಧ್ರದಿಂದ ಶಾಯಿಯ ಹನಿಗಳನ್ನು ಚಿಮ್ಮಿಸಿ ಮುದ್ರಿಸುವ ತತ್ವ ಹೊಸದೇನಲ್ಲ. ಸೀಮೆನ್ಸ್ ಸಂಸ್ಥೆಯ ರೂನ್ ಎಲ್ಮ್‌ಕ್ವಿಸ್ಟ್ ಅವರು 1951ರಲ್ಲಿಯೇ ಈ ಬಗೆಯ ಉಪಕರಣಕ್ಕೆ ಪೇಟೆಂಟ್ ಪಡೆದಿದ್ದರು. ಶಾಖದಿಂದ ಹನಿ ಚಿಮ್ಮಿಸುವ ವಿಧಾನವನ್ನು ಕ್ಯಾನನ್ ಸಂಸ್ಥೆ 1977ರಲ್ಲಿ ಕಂಡುಕೊಂಡಿತು. ಫ್ಲೆಕ್ಸ್ ಅಂಗಡಿಗಳ ಯಂತ್ರಗಳು ಬಹುತೇಕ ಇನ್ನೊಂದು ವಿಧಾನವನ್ನು, ಅಂದರೆ ವಿದ್ಯುತ್ ಹರಿದಾಗ ಆಕಾರ ಬದಲಿಸುವ ಪೀಜೋ ಹರಳನ್ನು ಅವಲಂಬಿಸಿವೆ. ಆ ಹರಳು ಅದುಮಿದಾಗ ಒಂದೊಂದು ನಾಜಲ್‌ನಿಂದ ಒಂದೊಂದು ಹನಿ ಬೀಳುತ್ತದೆ. ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಹನಿಗಳು ಸೇರಿ ಸಕಲ ಬಣ್ಣಗಳೂ ಮೂಡುತ್ತವೆ.

ಶಾಯಿಯ ಬಗೆಯೇ ಯಂತ್ರದ ಉಪಯೋಗವನ್ನು ನಿರ್ಧರಿಸುತ್ತದೆ. ಸಾಲ್ವೆಂಟ್ ಶಾಯಿ ಅಗ್ಗ, ಬಿಸಿಲು ಮಳೆಗೆ ತಡೆಯುತ್ತದೆ. ಆದರೆ ಅದರ ಘಾಟು ಆರೋಗ್ಯಕ್ಕೆ ಹಿತವಲ್ಲ. ಅದು ಪಿವಿಸಿಯ ಮೇಲ್ಪದರವನ್ನು ಮೆದುವಾಗಿಸಿ ಅಂಟಿಕೊಳ್ಳುವುದರಿಂದ ಫ್ಲೆಕ್ಸ್ ಮತ್ತು ವಿನೈಲ್‌ಗೆ ಹೊಂದುತ್ತದೆ, ಲೇಪನವಿಲ್ಲದ ಹತ್ತಿ ಬಟ್ಟೆಗೆ ಹೊಂದುವುದಿಲ್ಲ. ಎಕೋ ಸಾಲ್ವೆಂಟ್ ಶಾಯಿಗೆ ಘಾಟು ಕಡಿಮೆ, ಅಕ್ಷರ ಮತ್ತು ಚಿತ್ರ ಹೆಚ್ಚು ಸ್ಪಷ್ಟ; ವೇಗ ಕಡಿಮೆ. ಎಚ್‌ಪಿ ಸಂಸ್ಥೆ 2008ರಲ್ಲಿ ಪರಿಚಯಿಸಿದ ಲ್ಯಾಟೆಕ್ಸ್ ಶಾಯಿ ನೀರಿನ ಆಧಾರದ್ದು; ಕಾಗದ, ಗೋಡೆಯ ಹೊದಿಕೆ, ಕೆಲವು ಬಗೆಯ ಬಟ್ಟೆಗಳ ಮೇಲೂ ನಿಲ್ಲುತ್ತದೆ. ಯುವಿ ಶಾಯಿ ಬೆಳಕು ತಾಗಿದೊಡನೆ ಗಟ್ಟಿಯಾಗುವುದರಿಂದ ಗಾಜು, ಅಕ್ರಿಲಿಕ್, ಮರ, ಲೋಹದ ಹಾಳೆಗಳ ಮೇಲೆಯೇ ನೇರವಾಗಿ ಮುದ್ರಿಸಬಹುದು. ಸಬ್ಲಿಮೇಷನ್ ವಿಧಾನದಲ್ಲಿ ಕಾಗದದ ಮೇಲಿನ ಶಾಯಿಯನ್ನು ಶಾಖದಿಂದ ಪಾಲಿಯೆಸ್ಟರ್ ಬಟ್ಟೆಗೆ ಇಳಿಸಲಾಗುತ್ತದೆ.

ರಾಯಚೂರು ಸೀಮೆಯ ಬಿಸಿಲು ಮತ್ತು ಧೂಳು ಈ ಯಂತ್ರಗಳ ಹೆಡ್‌ಗಳಿಗೆ ಶತ್ರು. ಬೇಸಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಊರಿನಲ್ಲಿ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಶಾಯಿ ನಾಜಲ್‌ಗಳಲ್ಲೇ ಒಣಗುತ್ತದೆ. ಯಂತ್ರದ ಬೆಲೆಯಲ್ಲಿ ಹೆಡ್‌ಗಳ ಪಾಲು ಗಣನೀಯವಾದುದು. ಅವು ಎಂದಾದರೊಂದು ದಿನ ಸವೆಯುವುದು ಖಚಿತ. ಆ ಖರ್ಚನ್ನು ಹೆಡ್ ಕೆಟ್ಟ ದಿನ ಹುಡುಕುವುದಲ್ಲ, ಮೊದಲ ತಿಂಗಳಿನಿಂದಲೇ ತೆಗೆದಿರಿಸಬೇಕು. ಉತ್ತಮ ಅರ್ಥಿಂಗ್, ಯುಪಿಎಸ್, ಘಾಟು ಹೊರಹೋಗಲು ಫ್ಯಾನ್, ಆಪರೇಟರ್‌ಗೆ ಕೈಗವಸು ಇವೂ ಯಂತ್ರದ ಬೆಲೆಯೊಳಗೇ ಎಂದು ತಿಳಿಯುವುದು ಲೇಸು.

ಒಂದು ರೂಪಾಯಿಯ ತೂಕ

ನೀರಮಾನ್ವಿಯಂಥ ಹಳ್ಳಿಯ ಯುವಕನೊಬ್ಬ ಮಾನ್ವಿಯಲ್ಲಿ ಅಂಗಡಿ ತೆರೆಯಲು ಹೊರಟಿದ್ದಾನೆಂದು ಭಾವಿಸೋಣ. ಯಂತ್ರ ಮತ್ತು ಜೋಡಣೆಗೆ 12 ಲಕ್ಷ ರೂಪಾಯಿ. ಅದರಲ್ಲಿ 3 ಲಕ್ಷ ಸ್ವಂತದ್ದು, 9 ಲಕ್ಷ ಶೇ. 11ರ ಬಡ್ಡಿಯಲ್ಲಿ ಐದು ವರ್ಷದ ಸಾಲ. ಇಲ್ಲಿ ಕೊಟ್ಟಿರುವ ಅಂಕಿಗಳೆಲ್ಲವೂ ಉದಾಹರಣೆಗಾಗಿ ಮಾತ್ರ, ಜಿಎಸ್‌ಟಿ ಹೊರತುಪಡಿಸಿದವು. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಹಾಕಿ ಲೆಕ್ಕ ಮಾಡಿಕೊಳ್ಳಬೇಕು.

ತಿಂಗಳ ಸ್ಥಿರ ಖರ್ಚು ಹೀಗಿರಲಿ: ಸಾಲದ ಕಂತು ಸುಮಾರು 19,570, ಅಂಗಡಿ ಬಾಡಿಗೆ 8,000, ಆಪರೇಟರ್‌ಗೆ 14,000, ವಿನ್ಯಾಸಕಾರನಿಗೆ 16,000, ವಿದ್ಯುತ್ 9,000, ಹೆಡ್‌ಗಾಗಿ ಮೀಸಲು 8,000, ದುರಸ್ತಿ 3,000, ಇತರೆ 2,430. ಒಟ್ಟು 80,000 ರೂಪಾಯಿ. ಕಂತಿನಲ್ಲಿ ಅಸಲೂ ಸೇರಿರುವುದರಿಂದ ಇದು ಲಾಭ-ನಷ್ಟದ ಲೆಕ್ಕವಲ್ಲ, ಕೈಹಣದ ಲೆಕ್ಕ ಎಂಬುದನ್ನು ಗಮನಿಸಬೇಕು. ಹೊಸ ಅಂಗಡಿಗಳು ಮುಚ್ಚುವುದು ಪುಸ್ತಕದಲ್ಲಿ ನಷ್ಟವಾಗಿ ಅಲ್ಲ, ಕಂತಿನ ದಿನ ಕೈಯಲ್ಲಿ ಹಣವಿಲ್ಲದೆ.

ಇನ್ನು ಪ್ರತಿ ಚದರಡಿಗೆ ತಗಲುವ ಖರ್ಚು: ಫ್ಲೆಕ್ಸ್ ರೋಲ್ 4.50, ಶಾಯಿ 1.25, ಹಾಳಾಗುವ ಭಾಗ 0.25, ಒಟ್ಟು 6 ರೂಪಾಯಿ. ಮಾರಾಟ ದರ 10 ರೂಪಾಯಿಯಾದರೆ ಪ್ರತಿ ಚದರಡಿಗೆ 4 ರೂಪಾಯಿ ಉಳಿಯುತ್ತದೆ. 80,000 ರೂಪಾಯಿಯ ಸ್ಥಿರ ಖರ್ಚು ತುಂಬಲು ತಿಂಗಳಿಗೆ 20,000 ಚದರಡಿ, ಅಂದರೆ 25 ಕೆಲಸದ ದಿನಗಳಿಗೆ ದಿನಕ್ಕೆ 800 ಚದರಡಿ ಮುದ್ರಣ ಬೇಕು.

ಎದುರಿನ ಅಂಗಡಿಯವರು 9 ರೂಪಾಯಿಗೆ ಇಳಿಸಿದರೆಂದು ಈತನೂ ಇಳಿಸಿದರೆ ಉಳಿಯುವುದು 3 ರೂಪಾಯಿ. ಆಗ ತಿಂಗಳಿಗೆ ಸುಮಾರು 26,670 ಚದರಡಿ ಬೇಕಾಗುತ್ತದೆ. 8 ರೂಪಾಯಿಗೆ ಇಳಿದರೆ 40,000 ಚದರಡಿ! ದರದಲ್ಲಿ ಶೇ. 20 ಇಳಿಕೆಯಾದರೆ ಕೆಲಸ ಇಮ್ಮಡಿಯಾಗಬೇಕು ಎಂಬುದು ಇದರ ತಾತ್ಪರ್ಯ. ಊರಿನಲ್ಲಿರುವ ಒಟ್ಟು ಬೇಡಿಕೆ ದರ ಇಳಿಸಿದ ಮಾತ್ರಕ್ಕೆ ಇಮ್ಮಡಿಯಾಗುವುದಿಲ್ಲ. ದರ ಸಮರದಲ್ಲಿ ಗೆದ್ದವರೂ ಸೋತವರೂ ಒಂದೇ ದಿನ ಹೆಡ್ ಬದಲಿಸಲು ಹಣವಿಲ್ಲದೆ ಕೂರುವುದು ಇದೇ ಕಾರಣದಿಂದ.

ಯಂತ್ರವಿಲ್ಲದ ಮುದ್ರಕ

ಇದೇ ಯುವಕನಿಗೆ ಮತ್ತೊಂದು ದಾರಿಯಿದೆ. ವಿನ್ಯಾಸವನ್ನು ತಾನೇ ಮಾಡಿ, ಮುದ್ರಣವನ್ನು ರಾಯಚೂರಿನ ದೊಡ್ಡ ಅಂಗಡಿಯಲ್ಲಿ ವ್ಯಾಪಾರಿ ದರಕ್ಕೆ ಮಾಡಿಸಿ, ಕತ್ತರಿಸುವುದು, ಅಂಟಿಸುವುದು, ಐಲೆಟ್ ಹಾಕುವುದು, ಚೌಕಟ್ಟಿಗೆ ಬಿಗಿದು ಸ್ಥಳದಲ್ಲಿ ಕೂರಿಸುವುದನ್ನು ತಾನೇ ವಹಿಸಿಕೊಳ್ಳುವುದು. ಆಗ ಕಂತು, ಆಪರೇಟರ್ ಸಂಬಳ, ಹೆಡ್‌ನ ಮೀಸಲು, ಯಂತ್ರದ ದುರಸ್ತಿ, ಯಂತ್ರಕ್ಕೆ ತಗಲುವ 7,000 ರೂಪಾಯಿಯ ವಿದ್ಯುತ್ ಎಲ್ಲವೂ ಸೇರಿ 51,570 ರೂಪಾಯಿ ಉಳಿಯುತ್ತದೆ. ಸ್ಥಿರ ಖರ್ಚು 28,430ಕ್ಕೆ ಇಳಿಯುತ್ತದೆ.

ವ್ಯಾಪಾರಿ ದರ ಚದರಡಿಗೆ 8 ರೂಪಾಯಿ ಎಂದಿಟ್ಟುಕೊಂಡು 10 ರೂಪಾಯಿಗೆ ಮಾರಿದರೆ 2 ರೂಪಾಯಿ ಮಾತ್ರ ಉಳಿದರೂ, ಸುಮಾರು 14,200 ಚದರಡಿಗೆ ಖರ್ಚು ತುಂಬುತ್ತದೆ. ಸ್ವಂತ ಯಂತ್ರದಲ್ಲಿ ಮುದ್ರಿಸಿದರೆ 6, ಹೊರಗೆ ಮಾಡಿಸಿದರೆ 8. ವ್ಯತ್ಯಾಸ 2 ರೂಪಾಯಿ. ಈ 2 ರೂಪಾಯಿಯಿಂದ 51,570 ತುಂಬಬೇಕಾದರೆ ತಿಂಗಳಿಗೆ ಸುಮಾರು 25,800 ಚದರಡಿ ಕೆಲಸ ಬೇಕು. ಅಷ್ಟು ಕೆಲಸ ಸತತವಾಗಿ ಆರು ತಿಂಗಳು ಕೈಗೆ ಬಂದ ನಂತರ ಯಂತ್ರ ತಂದರೆ ಅದು ಹೂಡಿಕೆ. ಅದಕ್ಕೂ ಮೊದಲೇ ತಂದರೆ ಅದು ಸಾಹಸ. ಜಾತ್ರೆ ಅಥವಾ ಚುನಾವಣೆಯ ಒಂದು ತಿಂಗಳ ಭರಾಟೆಯನ್ನು ವರ್ಷದ ಸರಾಸರಿ ಎಂದು ಭಾವಿಸುವುದೇ ಈ ಕಸುಬಿನಲ್ಲಿ ಆಗುವ ಮೊದಲ ತಪ್ಪು.

ಕಾನೂನಿನ ನೆರಳು

ಲೆಕ್ಕ ಸರಿಯಾದರೂ ಸಾಲದು, ಮಾರುವ ವಸ್ತು ಕಾನೂನಿನ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದೂ ಮುಖ್ಯ. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರಂದು ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲಗಳೊಡನೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ ಮತ್ತು ಫ್ಲೆಕ್ಸ್‌ಗಳನ್ನೂ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿತು. 2018ರ ಆಗಸ್ಟ್‌ನಲ್ಲಿ ರಾಜ್ಯ ಹೈಕೋರ್ಟ್ ಬೆಂಗಳೂರಿನ ಅಕ್ರಮ ಫ್ಲೆಕ್ಸ್‌ಗಳ ತೆರವಿಗೆ ಕಟ್ಟುನಿಟ್ಟಿನ ಆದೇಶ ನೀಡಿದಾಗ ರಾಜಧಾನಿಯ ಮುದ್ರಣ ವ್ಯಾಪಾರಕ್ಕೆ ಬಿದ್ದ ಹೊಡೆತ ಎಲ್ಲರಿಗೂ ತಿಳಿದದ್ದೇ. ಕೇಂದ್ರದ ನಿಯಮಗಳ ಮೇರೆಗೆ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳಿಗೆ ದೇಶಾದ್ಯಂತ ನಿಷೇಧವಿದೆ. ಇದಲ್ಲದೆ, ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆಯಲ್ಲಿ ಆರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ.

ನಿಷೇಧಕ್ಕೆ ಕಾರಣವೂ ಇದೆ. ಫ್ಲೆಕ್ಸ್ ಎಂಬುದು ಪಾಲಿಯೆಸ್ಟರ್ ಜಾಲರಿಗೆ ಪಿವಿಸಿ ಲೇಪಿಸಿದ ಹಾಳೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಾದ್ದರಿಂದ ಮರುಬಳಕೆಯೂ ಕಷ್ಟ. ಸುಟ್ಟರೆ ವಿಷಾನಿಲ. ಹಳೆಯ ಫ್ಲೆಕ್ಸ್ ಹಳ್ಳಿಗಳಲ್ಲಿ ಭತ್ತದ ರಾಶಿಗೆ ಹೊದಿಕೆಯಾಗಿ, ಗುಡಿಸಲಿನ ಮಾಡಾಗಿ ಕೆಲಕಾಲ ಬಾಳಿದರೂ ಕೊನೆಗೆ ಸೇರುವುದು ಕಾಲುವೆಯನ್ನೇ. ತಾಲೂಕು ಕೇಂದ್ರಗಳಲ್ಲಿ ಜಾರಿ ಸಡಿಲವಾಗಿರಬಹುದು. ಆದರೆ ಜಾರಿಯ ಸಡಿಲತೆಯನ್ನೇ ಭದ್ರತೆಯೆಂದು ನಂಬಿ ಐದು ವರ್ಷದ ಸಾಲ ಮಾಡುವುದು ವಿವೇಕವಲ್ಲ.

ಚುನಾವಣೆಯ ಕೆಲಸ ಹಿಡಿಯುವವರು ಮತ್ತೊಂದು ಕಾನೂನನ್ನು ನೆನಪಿಡಬೇಕು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಂತೆ ಚುನಾವಣಾ ಕರಪತ್ರ ಮತ್ತು ಭಿತ್ತಿಪತ್ರಗಳ ಮೇಲೆ ಮುದ್ರಕ ಹಾಗೂ ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕನಿಂದ ಇಬ್ಬರು ಸಾಕ್ಷಿಗಳ ಸಹಿಯುಳ್ಳ ಘೋಷಣೆಯನ್ನು ಎರಡು ಪ್ರತಿಗಳಲ್ಲಿ ಪಡೆಯಬೇಕು. ಮುದ್ರಣದ ನಂತರ ಘೋಷಣೆಯ ಒಂದು ಪ್ರತಿಯನ್ನೂ ಮುದ್ರಿತ ಪ್ರತಿಯನ್ನೂ ಅಧಿಕಾರಿಗಳಿಗೆ ಸಲ್ಲಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಣ ಮುಂಗಡ ಪಡೆಯುವಾಗ ಈ ಕಾಗದವನ್ನೂ ಪಡೆಯುವುದು ಕ್ಷೇಮ.

ಅದೇ ಕೈ, ಬೇರೆ ಕೆಲಸ

ಹಾಗಾದರೆ ಮುದ್ರಕ ಮಾಡಬೇಕಾದುದೇನು? ಮೂರು ದಿನ ಬಾಳುವ ಶುಭಾಶಯದ ಬದಲು ಮೂರು ವರ್ಷ ಬಾಳುವ ಕೆಲಸವನ್ನು ಹುಡುಕುವುದು. ಅಂಥ ಕೆಲಸ ಈ ಸೀಮೆಯಲ್ಲಿ ಇಲ್ಲವೆಂದಲ್ಲ.

ಮೊದಲನೆಯದು ನಾಮಫಲಕ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ವಾಣಿಜ್ಯ ಮಳಿಗೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು. ಎಸಿಪಿ ಹಾಳೆ, ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ ದೀಪವಿರುವ ಫಲಕಗಳಲ್ಲಿ ಮುದ್ರಣಕ್ಕಿಂತ ಕೈಕೆಲಸದ ಮೌಲ್ಯ ಹೆಚ್ಚು. ಇಲ್ಲಿ ಒತ್ತಕ್ಷರ ತಪ್ಪದಂತೆ ಬರೆಯಬಲ್ಲ ವಿನ್ಯಾಸಕಾರನೇ ಅಂಗಡಿಯ ಆಸ್ತಿ. ಹಳೆಯ ನುಡಿ ಕಡತವನ್ನು ಯುನಿಕೋಡ್‌ಗೆ ಬದಲಿಸುವಾಗ ಅಕ್ಷರ ಒಡೆಯುವುದುಂಟು. ಆದ್ದರಿಂದ ಗ್ರಾಹಕರಿಂದ ಕರಡಿಗೆ ಒಪ್ಪಿಗೆ ಪಡೆದು, ಅಕ್ಷರಗಳನ್ನು ಕರ್ವ್‌ಗೆ ಪರಿವರ್ತಿಸಿದ ನಂತರವೇ ಮುದ್ರಣಕ್ಕೆ ಕಳುಹಿಸಬೇಕು.

ಎರಡನೆಯದು ಕೈಗಾರಿಕೆಯ ಕೆಲಸ. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ಗೋದಾಮುಗಳಿಗೆ ಬೆಂಕಿ ಎಚ್ಚರಿಕೆಯ ಫಲಕ, ಯಂತ್ರದ ಬಳಿಯ ಸುರಕ್ಷತಾ ಸೂಚನೆ, ಕೋಣೆಗಳ ಹೆಸರು, ಸಣ್ಣ ಪ್ರಮಾಣದ ಲೇಬಲ್‌ಗಳು ಬೇಕು. ಮುದ್ರಿಸಿ ಆಕಾರಕ್ಕೆ ಕತ್ತರಿಸುವ ಎಕೋ ಸಾಲ್ವೆಂಟ್ ಯಂತ್ರದಿಂದ ನೂರು ಲೇಬಲ್‌ಗಳನ್ನೂ ಕೊಡಬಹುದು. ಅಚ್ಚು ಮಾಡಿಸುವ ಆಫ್‌ಸೆಟ್ ಮುದ್ರಣಕ್ಕೆ ಅಷ್ಟು ಕಡಿಮೆ ಸಂಖ್ಯೆ ಗಿಟ್ಟುವುದಿಲ್ಲ. ಮುದ್ರಣ ಕಾಶಿಯೆಂದು ಹೆಸರಾದ ಗದಗಿಗೆ ದೊಡ್ಡ ಕೆಲಸ ಹೋಗಲಿ, ಸಣ್ಣ ಕೆಲಸ ಊರಿನಲ್ಲೇ ಉಳಿಯಲಿ.

ಮೂರನೆಯದು ಶಾಲೆ, ಅಂಗನವಾಡಿ, ಆಸ್ಪತ್ರೆಗಳ ಗೋಡೆ. ವರ್ಣಮಾಲೆ, ಮಗ್ಗಿ, ಜಿಲ್ಲೆಯ ನಕ್ಷೆ, ದೇಹದ ಭಾಗಗಳು, ಲಸಿಕೆಯ ವೇಳಾಪಟ್ಟಿ ಇವನ್ನು ವಿನೈಲ್ ಮೇಲೆ ಮುದ್ರಿಸಿ ಲ್ಯಾಮಿನೇಷನ್ ಮಾಡಿ ಸನ್‌ಬೋರ್ಡ್‌ಗೆ ಅಂಟಿಸಿದರೆ ವರ್ಷಗಟ್ಟಲೆ ಉಳಿಯುತ್ತವೆ. ಅಶೋಕನ ಹೆಸರನ್ನೇ ಹೊತ್ತ ಶಾಸನವಿರುವ ಮಸ್ಕಿ, ರಾಯಚೂರಿನ ಕೋಟೆ, ದಾಸಸಾಹಿತ್ಯದ ನೆನಪುಳ್ಳ ಮಾನ್ವಿ ಇವುಗಳ ಚರಿತ್ರೆ ತಿಳಿಸುವ ಫಲಕಗಳೂ ಇದೇ ಬಗೆಯವು.

ನಾಲ್ಕನೆಯದು ಬಾಡಿಗೆಯ ಪರದೆ. ಹಳ್ಳಿಯ ನಾಟಕಗಳಿಗೆ ಬಣ್ಣದ ಸೀನರಿಯನ್ನು ಬಾಡಿಗೆಗೆ ತರುವ ರೂಢಿ ಉತ್ತರ ಕರ್ನಾಟಕದಲ್ಲಿ ಹಳೆಯದು. ಅರಮನೆ, ಕಾಡು, ಬೀದಿ, ಗುಡಿಯ ಪರದೆಗಳನ್ನು ಬಟ್ಟೆಯ ಮೇಲೆ ಮುದ್ರಿಸಿಟ್ಟುಕೊಂಡರೆ ಒಂದು ಸಲದ ಖರ್ಚು, ಹಲವು ಸಲದ ಆದಾಯ. ಮದುವೆಯ ವೇದಿಕೆಗೂ ಇದೇ ಕ್ರಮ ಸಲ್ಲುತ್ತದೆ. ಹೆಸರಿನ ಪಟ್ಟಿಯೊಂದನ್ನು ಬದಲಿಸಿದರಾಯಿತು. ಹತ್ತಿ ಬೆಳೆದು ಹೊರಗೆ ಕಳುಹಿಸುವ ಜಿಲ್ಲೆ ಪಿವಿಸಿ ರೋಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿರುವುದು ವಿಪರ್ಯಾಸವೇ ಸರಿ. ಲೇಪನವಿರುವ ಬಟ್ಟೆಯ ಬೆಲೆ ಫ್ಲೆಕ್ಸ್‌ಗಿಂತ ಹೆಚ್ಚೆಂಬುದು ನಿಜ. ಆದರೆ ಅದನ್ನು ಒಂದೇ ದಿನಕ್ಕೆ ಮಾರದೆ ಹತ್ತು ದಿನಕ್ಕೆ ಬಾಡಿಗೆ ಕೊಟ್ಟರೆ ಲೆಕ್ಕ ಬೇರೆಯಾಗುತ್ತದೆ.

ಇಂಥ ಕೆಲಸಗಳ ಪರಿಣಾಮವನ್ನು ಮೇಲಿನ ಸ್ವಂತ ಯಂತ್ರದ ಉದಾಹರಣೆಯಲ್ಲೇ ನೋಡಬಹುದು. ಸನ್‌ಬೋರ್ಡ್ ಫಲಕವನ್ನು ಚದರಡಿಗೆ 60 ರೂಪಾಯಿಗೆ ಮಾರಿ, ಸಾಮಗ್ರಿ ಹಾಗೂ ಕೂಲಿಗೆ 38 ಕಳೆದರೆ 22 ರೂಪಾಯಿ ಉಳಿಯುತ್ತದೆ. ತಿಂಗಳಿಗೆ 910 ಚದರಡಿ ಫಲಕ ಮಾರಿದರೆ ಸುಮಾರು 20,000 ರೂಪಾಯಿ. ಇದೇ ಮೊತ್ತಕ್ಕೆ ಫ್ಲೆಕ್ಸ್‌ನಲ್ಲಿ 5,000 ಚದರಡಿ ಮುದ್ರಿಸಬೇಕಿತ್ತು. ಯಂತ್ರದ ಹೆಡ್ ಸವೆಯುವುದು ಚದರಡಿಗೆ ತಕ್ಕಂತೆ, ಗಲ್ಲಾಪೆಟ್ಟಿಗೆ ತುಂಬುವುದು ಉಳಿಕೆಗೆ ತಕ್ಕಂತೆ.

ತೆರಿಗೆಯ ಎಚ್ಚರ

ಮುದ್ರಕರಲ್ಲಿ ಅನೇಕರು ತಮ್ಮದು ಸರಕಿನ ವ್ಯಾಪಾರ, 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂದು ತಿಳಿದಿದ್ದಾರೆ. 2017ರ ಅಕ್ಟೋಬರ್ 20ರ 11ನೆಯ ಸುತ್ತೋಲೆಯ ಪ್ರಕಾರ, ಕಾಗದ ಮುಂತಾದ ಸಾಮಗ್ರಿ ಮುದ್ರಕನದ್ದಾಗಿದ್ದರೂ ಮುದ್ರಿಸಬೇಕಾದ ವಿಷಯ ಗ್ರಾಹಕನದ್ದಾಗಿದ್ದರೆ ಪುಸ್ತಕ, ಕರಪತ್ರ ಮೊದಲಾದ ಕೆಲಸಗಳಲ್ಲಿ ಮುಖ್ಯ ಪೂರೈಕೆ ಮುದ್ರಣ ಸೇವೆಯೇ. ಪಿವಿಸಿ ಬ್ಯಾನರ್‌ಗೂ ಇದೇ ತತ್ವ ಅನ್ವಯಿಸಿದ ನಿರ್ಣಯಗಳಿವೆ. ಸೇವೆಗೆ ನೋಂದಣಿಯ ಮಿತಿ 20 ಲಕ್ಷ ಮಾತ್ರ. ಈ ಒಂದು ತಪ್ಪು ತಿಳಿವಳಿಕೆಯಿಂದ ಹಿಂದಿನ ವರ್ಷಗಳ ತೆರಿಗೆ, ಬಡ್ಡಿ, ದಂಡ ಒಟ್ಟಿಗೆ ಬಂದರೆ ಸಣ್ಣ ಅಂಗಡಿ ತಡೆದುಕೊಳ್ಳಲಾರದು.

ನೋಂದಣಿ ಮಾಡಿಸಿದವರು ಯಂತ್ರದ ಮೇಲೆ ತೆತ್ತ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಹಾಗೆ ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಆದಾಯ ತೆರಿಗೆಯಲ್ಲಿ ಇಂಥ ಯಂತ್ರಕ್ಕೆ ಸಾಮಾನ್ಯವಾಗಿ ಶೇ. 15ರ ಸವಕಳಿ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಅಂದಾಜು ಲಾಭದ ಯೋಜನೆಯಡಿ ತೆರಿಗೆ ತೆರುವವರಿಗೆ ಸವಕಳಿ ಪ್ರತ್ಯೇಕವಾಗಿ ಸಿಗದು. ಹೀಗಾಗಿ ಯಾವ ದಾರಿ ಅನುಕೂಲವೆಂಬುದನ್ನು ಯಂತ್ರ ತರುವ ಮುನ್ನವೇ ಲೆಕ್ಕ ಪರಿಶೋಧಕರಲ್ಲಿ ಕೇಳಬೇಕು.

ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದರಿಂದ ಒಂದು ಬಲವಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಡವಾದರೆ, ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಕಳೆದುಕೊಳ್ಳಲು ಖರೀದಿದಾರನಿಗೆ ಅವಕಾಶ ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಗಿರಣಿ, ಕಾರ್ಖಾನೆ, ಖಾಸಗಿ ಶಾಲೆಗಳಂಥ ಗ್ರಾಹಕರಿಗೆ ಇದನ್ನು ಬಿಲ್ಲಿನಲ್ಲೇ ನೆನಪಿಸಬಹುದು. ಹುಟ್ಟುಹಬ್ಬದ ಬ್ಯಾನರಿನ ಬಾಕಿಗೆ ಇದು ಉಪಯೋಗಕ್ಕೆ ಬಾರದು. ಅಲ್ಲಿ ಮುಂಗಡವೊಂದೇ ಮದ್ದು.

ಕೊನೆಯ ಮಾತು

ನೀರಮಾನ್ವಿಯ ಆ ಯುವಕನಿಗೆ ಬ್ಯಾಂಕಿನವರು ಸಾಲ ಕೊಡಬಹುದು, ಮಾರಾಟಗಾರರು ಯಂತ್ರವನ್ನು ಮನೆ ಬಾಗಿಲಿಗೇ ತಲುಪಿಸಬಹುದು. ಆದರೆ ತಿಂಗಳಿಗೆ ಎಷ್ಟು ಚದರಡಿ, ಯಾವ ಕೆಲಸ, ಯಾರಿಗೆ, ಎಷ್ಟು ಉಳಿಕೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಅವನೇ ಬರೆದುಕೊಳ್ಳಬೇಕು. ಮೊದಲ ಆರು ತಿಂಗಳು ಹೊರಗಿನ ಯಂತ್ರದಲ್ಲಿ ಮುದ್ರಿಸಿ, ಪ್ರತಿ ಕೆಲಸದ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಸಾಲ್ವೆಂಟ್ ಯಂತ್ರ ಬೇಕೋ, ಎಕೋ ಸಾಲ್ವೆಂಟ್ ಬೇಕೋ, ಅಥವಾ ಯಂತ್ರವೇ ಬೇಡವೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ಕುಂಚ ಹಿಡಿದ ಪೇಂಟರ್ ಸೋತದ್ದು ಕಲೆಯಲ್ಲಿ ಅಲ್ಲ, ವೇಗ ಮತ್ತು ದರದಲ್ಲಿ. ಅದೇ ವೇಗ ಮತ್ತು ದರವನ್ನಷ್ಟೇ ನೆಚ್ಚಿದ ಮುದ್ರಕನಿಗೆ ಇನ್ನೂ ವೇಗದ, ಇನ್ನೂ ಅಗ್ಗದ ಯಂತ್ರವೊಂದು ನಾಳೆ ಎದುರಾಗುವುದು ನಿಶ್ಚಯ. ತಪ್ಪಿಲ್ಲದ ಕನ್ನಡ, ಬಾಳಿಕೆಯ ಸಾಮಗ್ರಿ, ಹೇಳಿದ ದಿನಕ್ಕೆ ಗೋಡೆಗೆ ಕೂರಿಸಿ ಕೊಡುವ ಮಾತು ಇವುಗಳನ್ನು ಯಾವ ಯಂತ್ರವೂ ಚದರಡಿಯ ದರದಲ್ಲಿ ಮಾರಲಾರದು. ಮುದ್ರಕರು ಬೆಲೆ ಕಟ್ಟಬೇಕಾದದ್ದು ಅವಕ್ಕೆ.